ಪ್ರಿಂಟ್ ಸಾಕಾಗಲ್ಲ: ಪ್ರೋಗ್ರಾಮಿಗೆ ಲಾಗ್ ಲೆವೆಲ್ ಹಾಕೋದು ಹೇಗೆ

ಈ ವಾರದ ಮಾತು ಲಾಗಿಂಗ್ ಬಗ್ಗೆ. ಹಿಂಜವಡಿ ಬಸ್ಸಲ್ಲೋ ಮುಂಬೈ ಲೋಕಲ್‌ನಲ್ಲೋ ನಿಂತ್ಕೊಂಡು ಓದೋರಿಗೆ ಅನುಕೂಲ ಆಗ್ಲಿ ಅಂತ ವಿಡಿಯೋದಲ್ಲಿ ಹೇಳಿದ್ದನ್ನ ಸ್ವಲ್ಪ ತಿದ್ದಿ ಇಲ್ಲಿ ಬರಹದಲ್ಲಿ ಕೊಡ್ತಿದೀನಿ. ಕೋಡ್ ಟೈಪ್ ಮಾಡಿ ತೋರಿಸಿರೋದು ವಿಡಿಯೋದಲ್ಲಿದೆ, ಇಲ್ಲಿ ಅದನ್ನ ಮಾತಲ್ಲೇ ವಿವರಿಸ್ತೀನಿ. ಉದಾಹರಣೆಗಳು ಪೈಥಾನ್‌ನವು. ಜಾವಾ, ಡಾಟ್‌ನೆಟ್ ಮಾಡೋರಿಗೂ ವಿಚಾರ ಇದೇ, ಹೆಸರುಗಳು ಮಾತ್ರ ಸ್ವಲ್ಪ ಬೇರೆ.

ಮೊದಲು ನಾನು ಮಾಡಿದ ಒಂದು ತಪ್ಪನ್ನ ಹೇಳ್ತೀನಿ. ಅದನ್ನ ಹೇಳದೆ ಲೆವೆಲ್‌ಗಳ ಪಟ್ಟಿ ಕೊಟ್ರೆ ಅದು ಇಂಟರ್‌ವ್ಯೂ ಪ್ರಶ್ನೋತ್ತರ ಆಗಿಬಿಡುತ್ತೆ.

ಮೂವತ್ತೇಳು ಜನರ ಪಗಾರ

2021ರ ಜುಲೈ. ಆಗ ನಾನು ಪುಣೆಯ ಒಂದು ಚಿಕ್ಕ ಕಂಪನಿಯಲ್ಲಿದ್ದೆ. ಆಫೀಸುಗಳಿಗೆ ಸೆಕ್ಯುರಿಟಿ ಗಾರ್ಡ್, ಹೌಸ್‌ಕೀಪಿಂಗ್ ಜನರನ್ನ ಕೊಡೋ ಒಬ್ಬ ಗುತ್ತಿಗೆದಾರರ ಪಗಾರದ ಪ್ರೋಗ್ರಾಮನ್ನ ನಾವು ನೋಡ್ಕೋತಿದ್ವಿ. ಒಟ್ಟು 1,412 ಜನ. ಪ್ರತಿ ತಿಂಗಳು 7ನೇ ತಾರೀಕು ರಾತ್ರಿ ಪ್ರೋಗ್ರಾಮ್ ಓಡುತ್ತೆ, ಹಾಜರಿ ಓದುತ್ತೆ, ಲೆಕ್ಕ ಹಾಕುತ್ತೆ, ಬ್ಯಾಂಕಿಗೆ ಫೈಲ್ ಕಳಿಸುತ್ತೆ, ಬ್ಯಾಂಕಿಂದ ಬಂದ ಉತ್ತರದ ಫೈಲನ್ನ ಓದುತ್ತೆ. ಆವತ್ತೂ ಓಡ್ತು. ಲಾಗ್‌ನ ಕೊನೇ ಸಾಲು ‘ಬ್ಯಾಚ್ ಯಶಸ್ವಿಯಾಗಿ ಮುಗಿದಿದೆ’ ಅಂತಿತ್ತು. ನೋಡಿ ಮಲಗಿದೆ.

14ನೇ ತಾರೀಕು ಆ ಗುತ್ತಿಗೆದಾರರ ಸೈಟ್ ಸೂಪರ್‌ವೈಸರ್ ಫೋನ್ ಮಾಡಿದ್ರು. ಕಲಬುರಗಿ ಕಡೆಯವರು, ಟೆಸ್ಟಿಂಗ್ ಸಮಯದಲ್ಲಿ ಕನ್ನಡದಿಂದಲೇ ಪರಿಚಯ ಆದವರು. “ಸರ್, ನಮ್ ಮೂವತ್ತೇಳು ಮಂದಿಗಿ ಪಗಾರ ಬಂದಿಲ್ರಿ. ವಾರ ಆತು. ಬ್ಯಾಂಕಿನವ್ರಿಗಿ ಕೇಳಿದ್ರ ನಿಮ್ ಕಂಪನಿಯವ್ರಿಗೇ ಕೇಳ್ರಿ ಅಂತಾರ್ರಿ” ಅಂದ್ರು.

ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ವಿಲೀನ ಆಯ್ತಲ್ಲ, ಅದರ ಹಳೇ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜುಲೈ 1ರಿಂದ ನಿಂತುಹೋದವು. ಮೊದಲೇ ಎಲ್ಲರಿಗೂ ತಿಳಿಸಿದ್ದ ವಿಷಯ ಅದು. ನಮ್ಮ ಪಟ್ಟಿಯಲ್ಲಿ 37 ಜನರಿಗೆ ಹಳೇ ಕೋಡೇ ಇತ್ತು. ಹೆಚ್ಚಿನವರು ಕಲಬುರಗಿ, ವಿಜಯಪುರ ಕಡೆಯಿಂದ ದುಡಿಯೋಕೆ ಬಂದೋರು, ಊರಲ್ಲೇ ಖಾತೆ ತೆಗೆದೋರು. ಬ್ಯಾಂಕು ಅವರ ಹಣವನ್ನ ತಿರಸ್ಕರಿಸಿ, ಉತ್ತರದ ಫೈಲಲ್ಲಿ ಕಾರಣ ಸಮೇತ ಹೇಳಿತ್ತು. ನಮ್ಮ ಪ್ರೋಗ್ರಾಮ್ ಅದನ್ನ ಓದಿ ಲಾಗ್‌ನಲ್ಲಿ ಬರೆದೂ ಇತ್ತು. ಅರುವತ್ತು ಸಾವಿರ ಸಾಲುಗಳ ಮಧ್ಯೆ, ‘ಇನ್ಫೋ’ ಅನ್ನೋ ಲೆವೆಲ್‌ನಲ್ಲಿ.

ಇನ್ಫೋ ಯಾಕೆ? ಯಾಕಂದ್ರೆ ಆ ಪ್ರೋಗ್ರಾಮಲ್ಲಿ ಮೊದಲು ಎಲ್ಲಾ ಕಡೆ ಪ್ರಿಂಟ್ ಇತ್ತು. ‘ಲಾಗಿಂಗ್ ಸೇರಿಸಿ’ ಅಂತ ಟಿಕೆಟ್ ಬಂದಾಗ ನಾನು ಫೈಂಡ್ ರಿಪ್ಲೇಸ್ ಮಾಡಿ, ಪ್ರಿಂಟ್ ಇದ್ದಲ್ಲೆಲ್ಲಾ ಲಾಗರ್ ಡಾಟ್ ಇನ್ಫೋ ಹಾಕಿ, ಹತ್ತು ನಿಮಿಷದಲ್ಲಿ ಟಿಕೆಟ್ ಮುಚ್ಚಿದ್ದೆ. ಆಮೇಲೆ ಸಿಟ್ಟು ಬಂದ ಕಡೆಯೆಲ್ಲಾ ‘ಎರರ್’ ಅಂತ ಹಾಕಿದ್ದೆ. ನೌಕರರ ತಂದೆಯ ಹೆಸರಿನ ಕಾಲಂ ಖಾಲಿ ಇದ್ರೆ ಎರರ್. ಪಟ್ಟಿಯಲ್ಲಿ ಒಂದು ಸಾಲು ಖಾಲಿ ಇದ್ರೆ ಎರರ್. ಎರರ್ ಬಂದಾಗೆಲ್ಲಾ ಟೀಮಿಗೆ ಮೇಲ್ ಹೋಗ್ತಿತ್ತು. ದಿನಕ್ಕೆ ಮುನ್ನೂರು, ನಾನೂರು ಮೇಲ್. ಒಂದೇ ವಾರದಲ್ಲಿ ಟೀಮಿನ ಎಲ್ಲರೂ ಆ ಮೇಲ್‌ಗಳು ತಾವಾಗೇ ಬೇರೆ ಫೋಲ್ಡರಿಗೆ ಹೋಗೋ ಹಾಗೆ ರೂಲ್ ಹಾಕ್ಕೊಂಡ್ರು. ಶಾಲೆಯಲ್ಲಿ ಓದಿದ ‘ಹುಲಿ ಬಂತು ಹುಲಿ’ ಕಥೆಯೇ. ಇಲ್ಲಿ ನಿಜವಾದ ಹುಲಿ ಬಂದಾಗ ಹುಡುಗ ಕೂಗಲೂ ಇಲ್ಲ, ಅಷ್ಟೇ ವ್ಯತ್ಯಾಸ.

ಕೋಡ್ ತಿದ್ದಿ ಹಣ ಕಳಿಸೋ ಹೊತ್ತಿಗೆ 16ನೇ ತಾರೀಕು ಆಯ್ತು. ಆ ಒಂಬತ್ತು ದಿನದಲ್ಲಿ ಒಬ್ಬರು ರೂಮ್ ಬಾಡಿಗೆ ಕಟ್ಟೋಕೆ ವಾರದ ಬಡ್ಡಿಗೆ ಸಾಲ ಮಾಡಿದ್ರು ಅಂತ ಆಮೇಲೆ ಸೂಪರ್‌ವೈಸರ್ ಹೇಳಿದ್ರು. ಆ ಬಡ್ಡಿಯನ್ನ ಯಾರೂ ಅವರಿಗೆ ತುಂಬಿಕೊಡಲಿಲ್ಲ.

ನಮ್ಮ ಸೀನಿಯರ್ ಒಬ್ರು, ವಿಜಯಪುರದವರು, ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ್ರು: “ಲಾಗ್ ಬರದೀರಿ ಖರೆ, ಯಾರಿಗೆ ಬರದೀರಿ?” ಇವತ್ತಿನ ಮಾತೆಲ್ಲಾ ಆ ಪ್ರಶ್ನೆಗೆ ಉತ್ತರ ಅಂತ ಅಂದ್ಕೊಳ್ಳಿ.

ಲೆವೆಲ್ ಅನ್ನೋದು ಎಲ್ಲಿಂದ ಬಂತು

ಲಾಗ್ ಅಂದ್ರೆ ಮರದ ದಿಮ್ಮಿ. ಹಿಂದೆ ಹಡಗಿನ ವೇಗ ಅಳೆಯೋಕೆ ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡು ಕಟ್ಟಿ ನೀರಿಗೆ ಬಿಡ್ತಿದ್ರು, ಎಷ್ಟು ಗಂಟು ಹೋಯ್ತು ಅಂತ ಎಣಿಸಿ ಪುಸ್ತಕದಲ್ಲಿ ಬರೀತಿದ್ರು. ಆ ಪುಸ್ತಕ ಲಾಗ್ ಬುಕ್ ಆಯ್ತು. ನಮ್ಮ ಲಾಗ್ ಫೈಲ್ ಅದರ ಮರಿ.

ಸಂದೇಶಗಳಿಗೆ ತೀವ್ರತೆಯ ಮಟ್ಟ ಹಚ್ಚೋ ಪದ್ಧತಿ ಗಟ್ಟಿಯಾಗಿದ್ದು ಯುನಿಕ್ಸ್ ಲೋಕದಲ್ಲಿ. 1980ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ ತಮ್ಮ ಸೆಂಡ್‌ಮೇಲ್ ಅನ್ನೋ ಇಮೇಲ್ ಪ್ರೋಗ್ರಾಮಿಗಾಗಿ ಸಿಸ್‌ಲಾಗ್ ಬರೆದ್ರು. ಅದು ಎಷ್ಟು ಉಪಯೋಗಕ್ಕೆ ಬಂತು ಅಂದ್ರೆ ಬೇರೆ ಪ್ರೋಗ್ರಾಮ್‌ಗಳೂ ಅದನ್ನೇ ಬಳಸೋಕೆ ಶುರು ಮಾಡಿದ್ವು. ಸಿಸ್‌ಲಾಗ್‌ನಲ್ಲಿ ಎಂಟು ಮಟ್ಟ: 0 ಎಮರ್ಜೆನ್ಸಿ, 1 ಅಲರ್ಟ್, 2 ಕ್ರಿಟಿಕಲ್, 3 ಎರರ್, 4 ವಾರ್ನಿಂಗ್, 5 ನೋಟಿಸ್, 6 ಇನ್ಫರ್ಮೇಶನಲ್, 7 ಡೀಬಗ್. ಇವತ್ತಿಗೂ ಲಿನಕ್ಸ್ ಕರ್ನಲ್ ಇದೇ ರೀತಿ 0ಯಿಂದ 7ರವರೆಗೆ ಎಣಿಸುತ್ತೆ. ಲಿನಕ್ಸ್ ಸರ್ವರಲ್ಲಿ ಜರ್ನಲ್‌ಸಿಟಿಎಲ್ ಕಮಾಂಡಿಗೆ ಮೈನಸ್ ಪಿ, ಆಮೇಲೆ 3 ಅಂತ ಕೊಟ್ಟು ನೋಡಿ, ಎರರ್ ಮತ್ತು ಅದಕ್ಕಿಂತ ಗಂಭೀರವಾದ್ದು ಮಾತ್ರ ಬರುತ್ತೆ.

ಪೈಥಾನಿಗೆ ಲಾಗಿಂಗ್ ಮಾಡ್ಯೂಲ್ ಬಂದಿದ್ದು 2003ರಲ್ಲಿ, 2.3 ಆವೃತ್ತಿಯ ಜೊತೆ. ಅದರಲ್ಲಿ ಐದು ಮಟ್ಟ: ಡೀಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50. ಸಿಸ್‌ಲಾಗ್‌ಗೆ ಇದು ಪೂರಾ ಉಲ್ಟಾ ಅನ್ನೋದನ್ನ ಗಮನಿಸಿ. ಅಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಅಪಾಯ ಜಾಸ್ತಿ, ಇಲ್ಲಿ ದೊಡ್ಡದಾದಷ್ಟೂ ಜಾಸ್ತಿ. ಎರಡನ್ನೂ ಜೋಡಿಸೋವಾಗ ಎಡವೋದು ಇಲ್ಲೇ. ಜಾವಾದವರ ಲಾಗ್4ಜೆ ನಲ್ಲಿ ಕೆಳಗೆ ಟ್ರೇಸ್, ಮೇಲೆ ಫೇಟಲ್ ಅಂತ ಇದೆ, ಮಿಕ್ಕಿದ್ದೆಲ್ಲಾ ಹೆಚ್ಚುಕಮ್ಮಿ ಇದೇ.

ಇದೆಲ್ಲಾ ಕೆಲಸ ಮಾಡೋದು ಜರಡಿ ಥರ. ನೀವು ಜರಡಿಯನ್ನ ವಾರ್ನಿಂಗ್‌ಗೆ ಇಟ್ರೆ 30ಕ್ಕಿಂತ ಕಡಿಮೆ ಇರೋ ಡೀಬಗ್, ಇನ್ಫೋ ನಿಲ್ಲುತ್ತೆ, 30 ಮತ್ತು ಮೇಲಿನದು ದಾಟುತ್ತೆ. ಕೋಡ್ ಮುಟ್ಟದೆ ಜರಡಿ ಮಾತ್ರ ಬದಲಾಯಿಸಿ ಹೆಚ್ಚು ಮಾತಾಡಿಸಬಹುದು, ಕಡಿಮೆ ಮಾತಾಡಿಸಬಹುದು. ಪ್ರಿಂಟ್‌ನಿಂದ ಆಗದೇ ಇರೋ ಕೆಲಸ ಇದೇ. ಪ್ರಿಂಟ್‌ಗೆ ಎಲ್ಲಾ ಸಾಲೂ ಒಂದೇ.

ಯಾವುದಕ್ಕೆ ಯಾವ ಲೆವೆಲ್

ನಾವು ಸಾಮಾನ್ಯವಾಗಿ ಬರೆಯೋ ಹೊತ್ತಿನ ನಮ್ಮ ಮನಸ್ಥಿತಿ ನೋಡಿ ಲೆವೆಲ್ ಹಾಕ್ತೀವಿ. ನೋಡಬೇಕಾದ್ದು ಓದೋರ ಸ್ಥಿತಿ. ಈ ಸಾಲು ಕಂಡಾಗ ಅವರು ಏನು ಮಾಡಬೇಕು? ಅಷ್ಟು ಕೇಳ್ಕೊಂಡ್ರೆ ಲೆವೆಲ್ ತಾನಾಗೇ ಸಿಗುತ್ತೆ. ಪಗಾರದ ಪ್ರೋಗ್ರಾಮನ್ನೇ ಇಟ್ಕೊಂಡು ಹೇಳ್ತೀನಿ.

ಡೀಬಗ್: ಯಾರೂ ಏನೂ ಮಾಡಬೇಕಾಗಿಲ್ಲ, ದೋಷ ಹುಡುಕೋವಾಗ ಮಾತ್ರ ಬೇಕು. ಯಾವ ಸೂತ್ರ ಓಡ್ತು, ಯಾವ ದಾರಿ ಹಿಡೀತು. ನಾನು ಎರರ್ ಮಾಡಿದ್ದ ಆ ತಂದೆಯ ಹೆಸರು ಖಾಲಿ ಅನ್ನೋ ಸಂದೇಶದ ಜಾಗ ಇದು.

ಇನ್ಫೋ: ಈಗ ಮಾಡೋದೇನಿಲ್ಲ, ಆದ್ರೆ ನಾಳೆ ಯಾರಾದ್ರೂ ‘ನಿನ್ನೆ ಏನಾಯ್ತು’ ಅಂತ ಕೇಳಿದ್ರೆ ಉತ್ತರ ಇರಬೇಕು. ಬ್ಯಾಚ್ ಶುರುವಾಯ್ತು, 1,412 ಸಾಲು ಓದಿದೆ, ಫೈಲ್ ಕಳಿಸಿದೆ. ಒಂದು ರಾತ್ರಿಯ ಕಥೆ ಇಪ್ಪತ್ತು ಸಾಲಲ್ಲಿ ಮುಗೀಬೇಕು.

ವಾರ್ನಿಂಗ್: ಪ್ರೋಗ್ರಾಮ್ ಹೇಗೋ ಸಂಭಾಳಿಸಿದೆ, ಆದ್ರೆ ಕೆಲಸದ ಹೊತ್ತಲ್ಲಿ ಒಬ್ಬರು ನೋಡಬೇಕು. ಬ್ಯಾಂಕಿನ ಸರ್ವರ್ ಮೊದಲ ಸಲ ಸಿಗಲಿಲ್ಲ, ಎರಡನೇ ಸಲ ಸಿಕ್ತು. ಡಿಸ್ಕ್ ತುಂಬ್ತಾ ಇದೆ.

ಎರರ್: ಮಾಡಬೇಕಾದ ಒಂದು ಕೆಲಸ ಆಗಲಿಲ್ಲ, ಯಾರಾದ್ರೂ ಕೈ ಹಾಕದೆ ಅದು ಸರಿಹೋಗಲ್ಲ. ಜನರಿಗೆ ಪಗಾರ ಹೋಗಲಿಲ್ಲ ಅಂದ್ರೆ ಅದು ಎರರ್.

ಕ್ರಿಟಿಕಲ್: ಮುಂದೆ ಹೋಗೋಕೇ ಆಗ್ತಿಲ್ಲ. ಡೇಟಾಬೇಸ್ ಸಿಗ್ತಿಲ್ಲ, ಬ್ಯಾಚ್ ನಿಂತಿದೆ. ರಾತ್ರಿ ಎರಡು ಗಂಟೆಗೆ ಒಬ್ಬರನ್ನ ಎಬ್ಬಿಸೋದು ನ್ಯಾಯ ಅನ್ನಿಸಿದ್ರೆ ಮಾತ್ರ ಇದು.

ಬಳಕೆದಾರರ ತಪ್ಪು ನಮ್ಮ ಪ್ರೋಗ್ರಾಮಿನ ಎರರ್ ಅಲ್ಲ. ಯಾರೋ ಪಾಸ್‌ವರ್ಡ್ ತಪ್ಪು ಹೊಡೆದ್ರೆ ಪ್ರೋಗ್ರಾಮ್ ‘ತಪ್ಪು’ ಅಂದಿದೆ, ಅದರ ಕೆಲಸ ಅದು ಮಾಡಿದೆ. ಇನ್ಫೋ ಸಾಕು. ಒಂದೇ ಖಾತೆಗೆ ಒಂದು ನಿಮಿಷದಲ್ಲಿ ನೂರು ಸಲ ತಪ್ಪು ಬಿದ್ರೆ ಆಗ ವಾರ್ನಿಂಗ್.

ಹಳೇ ಪ್ರೋಗ್ರಾಮಿಗೆ ಸೇರಿಸೋದು ಹೇಗೆ

ಮೊದಲನೇದು, ಪ್ರತಿ ಫೈಲಿನ ತಲೆಯಲ್ಲಿ ಲಾಗಿಂಗ್ ಡಾಟ್ ಗೆಟ್‌ಲಾಗರ್ ಕರೆದು, ಆ ಮಾಡ್ಯೂಲಿನ ಹೆಸರನ್ನೇ ಕೊಟ್ಟು ಒಂದು ಲಾಗರ್ ಮಾಡ್ಕೊಳ್ಳಿ. ಆಗ ಯಾವ ಸಾಲು ಯಾವ ಫೈಲಿಂದ ಬಂತು ಅಂತ ಗೊತ್ತಾಗುತ್ತೆ, ಬೇಕಾದ ಒಂದೇ ಮಾಡ್ಯೂಲನ್ನ ಡೀಬಗ್‌ಗೆ ಇಳಿಸಬಹುದು.

ಎರಡನೇದು, ಸೆಟ್ಟಿಂಗ್ ಒಂದೇ ಕಡೆ, ಪ್ರೋಗ್ರಾಮ್ ಶುರುವಾಗೋ ಜಾಗದಲ್ಲಿ ಇರಲಿ. ಸಮಯ, ಲೆವೆಲ್, ಮಾಡ್ಯೂಲ್, ಸಂದೇಶ, ಈ ನಾಲ್ಕು ಪ್ರತಿ ಸಾಲಲ್ಲೂ ಬರೋ ಹಾಗೆ ಫಾರ್ಮ್ಯಾಟ್ ಕೊಡಿ. ಲೆವೆಲನ್ನ ಕೋಡಲ್ಲಿ ಬರೆದುಬಿಡಬೇಡಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಓದಿಸಿ. ಪ್ರೊಡಕ್ಷನ್‌ನಲ್ಲಿ ಇನ್ಫೋ, ನಿಮ್ಮ ಲ್ಯಾಪ್‌ಟಾಪಲ್ಲಿ ಡೀಬಗ್.

ಮೂರನೇದು, ಪ್ರಿಂಟ್‌ಗಳನ್ನ ಒಂದೊಂದಾಗಿ ನೋಡಿ ಬದಲಾಯಿಸಿ. ಫೈಂಡ್ ರಿಪ್ಲೇಸ್ ಬೇಡ. ನನ್ನ ಕಥೆ ಕೇಳಿದೀರಲ್ಲ. ಪ್ರತಿ ಸಾಲಿಗೂ ‘ಓದಿದವರು ಏನು ಮಾಡಬೇಕು’ ಅಂತ ಕೇಳಿ. ಉತ್ತರ ಇಲ್ಲದ ಸಾಲನ್ನ ಅಳಿಸೋದೇ ವಾಸಿ.

ನಾಲ್ಕನೇದು, ಎಕ್ಸೆಪ್ಷನ್ ಹಿಡಿಯೋ ಜಾಗದಲ್ಲಿ ಲಾಗರ್ ಡಾಟ್ ಎಕ್ಸೆಪ್ಷನ್ ಬಳಸಿ. ಅದು ಎರರ್ ಲೆವೆಲ್‌ನಲ್ಲೇ ಬರೆಯುತ್ತೆ, ಜೊತೆಗೆ ಟ್ರೇಸ್‌ಬ್ಯಾಕ್ ಪೂರ್ತಿ ಸೇರಿಸುತ್ತೆ. ಆದ್ರೆ ಹಿಡಿದು, ಲಾಗ್ ಮಾಡಿ, ಮತ್ತೆ ಮೇಲಕ್ಕೆ ಎಸೆಯೋದನ್ನ ಪ್ರತಿ ಹಂತದಲ್ಲೂ ಮಾಡಬೇಡಿ. ಒಂದೇ ತಪ್ಪು ನಾಲ್ಕು ಸಲ ಲಾಗ್‌ನಲ್ಲಿ ಕೂರುತ್ತೆ, ಓದೋರು ನಾಲ್ಕು ತಪ್ಪು ಅಂದ್ಕೋತಾರೆ. ಯಾರು ಅದನ್ನ ಬಗೆಹರಿಸ್ತಾರೋ ಅವರೇ ಒಂದು ಸಲ ಬರೆದ್ರೆ ಸಾಕು.

ಐದನೇದು, ಸಂದೇಶವನ್ನ ಎಫ್ ಸ್ಟ್ರಿಂಗ್‌ನಿಂದ ಕಟ್ಟಿ ಕೊಡೋ ಬದಲು, ಪರ್ಸೆಂಟ್ ಎಸ್ ಇಟ್ಟು ಬೆಲೆಯನ್ನ ಬೇರೆಯಾಗಿ ಕೊಡಿ. ಆಗ ಜರಡಿಯಲ್ಲಿ ನಿಲ್ಲೋ ಸಂದೇಶಕ್ಕೆ ಸ್ಟ್ರಿಂಗ್ ಕಟ್ಟೋ ಕೆಲಸ ಆಗೋದೇ ಇಲ್ಲ. ಹಾಗಂತ ಆ ಜಾಗದಲ್ಲಿ ಒಂದು ಭಾರೀ ಫಂಕ್ಷನ್ ಕರೆದ್ರೆ ಅದು ಓಡಿಯೇ ಓಡುತ್ತೆ, ಅದನ್ನ ಲಾಗಿಂಗ್ ತಪ್ಪಿಸಲ್ಲ. ಅಂಥದ್ದು ಇದ್ರೆ ಮೊದಲು ಡೀಬಗ್ ಚಾಲೂ ಇದೆಯಾ ಅಂತ ಈಸ್‌ಎನೇಬಲ್ಡ್‌ಫಾರ್ ನಿಂದ ಕೇಳಿ.

ಆರನೇದು ಹ್ಯಾಂಡ್ಲರ್. ಸಂದೇಶ ಎಲ್ಲಿಗೆ ಹೋಗಬೇಕು ಅಂತ ಹೇಳೋದು ಇದು. ಫೈಲಿಗೆ ರೊಟೇಟಿಂಗ್ ಫೈಲ್ ಹ್ಯಾಂಡ್ಲರ್ ಹಾಕಿ, ಒಂದು ಫೈಲ್ ಎಷ್ಟು ದೊಡ್ಡದಾಗಬಹುದು, ಹಳೇದು ಎಷ್ಟು ಇಟ್ಕೋಬೇಕು ಅಂತ ಎರಡನ್ನೂ ಕೊಡಿ. ಇಲ್ಲಾಂದ್ರೆ ಯಾರೋ ಡೀಬಗ್ ಆನ್ ಮಾಡಿ ಮರೆತ ದಿನ ಡಿಸ್ಕ್ ತುಂಬಿ, ಲಾಗಿಂದಲೇ ಸರ್ವರ್ ಬೀಳುತ್ತೆ. ಮೇಲ್‌ಗೆ ಇನ್ನೊಂದು ಹ್ಯಾಂಡ್ಲರ್, ಅದರ ಲೆವೆಲ್ ಎರರ್. ನೆನಪಿಡಿ, ಪೈಥಾನಿನ ಎಸ್‌ಎಮ್‌ಟಿಪಿ ಹ್ಯಾಂಡ್ಲರ್ ಒಂದು ಸಂದೇಶಕ್ಕೆ ಒಂದು ಮೇಲ್ ಕಳಿಸುತ್ತೆ. 37 ತಿರಸ್ಕಾರಕ್ಕೆ 37 ಮೇಲ್ ಬಂದ್ರೆ ಮತ್ತೆ ಹುಲಿ ಕಥೆ. ಅದಕ್ಕೆ ನಾವು ಒಬ್ಬೊಬ್ಬರ ತಿರಸ್ಕಾರವನ್ನ ವಾರ್ನಿಂಗ್ ಮಾಡಿ ಫೈಲಿಗೆ ಬಿಟ್ವಿ, ಕೊನೆಯ ಒಟ್ಟು ಲೆಕ್ಕವನ್ನ ಎರರ್ ಮಾಡಿದ್ವಿ: ‘ಒಟ್ಟು 1,412, ಹೋದದ್ದು 1,375, ತಿರಸ್ಕೃತ 37.’ ತಿರಸ್ಕೃತ ಸೊನ್ನೆ ಇದ್ರೆ ಅದೇ ಸಾಲು ಇನ್ಫೋ. ‘ಯಶಸ್ವಿಯಾಗಿ ಮುಗಿದಿದೆ’ ಅನ್ನೋ ಸಾಲನ್ನ ತೆಗೆದೇ ಹಾಕಿದ್ವಿ. ಪ್ರೋಗ್ರಾಮ್ ಕೊನೇ ಸಾಲಿಗೆ ಬಂತು ಅಂದ್ರೆ ಕೆಲಸ ಆಯ್ತು ಅಂತಲ್ಲ.

ಎಡವೋ ಜಾಗಗಳು

‘ಲಾಗರ್ ಡಾಟ್ ಇನ್ಫೋ ಬರೆದೆ, ಏನೂ ಕಾಣಿಸ್ತಿಲ್ಲ’ ಅಂತ ತುಂಬಾ ಜನ ಕೇಳ್ತಾರೆ. ಏನೂ ಸೆಟ್ ಮಾಡದಿದ್ರೆ ಪೈಥಾನಿನ ಮೂಲ ಲಾಗರ್ ವಾರ್ನಿಂಗ್‌ನಲ್ಲಿರುತ್ತೆ, ಹಾಗಾಗಿ ಇನ್ಫೋ ನಿಲ್ಲುತ್ತೆ. ಲೆವೆಲ್ ಬದಲಾಯಿಸಿದ್ರೂ ಬರ್ತಿಲ್ವಾ? ಜರಡಿ ಎರಡಿವೆ ಅನ್ನೋದನ್ನ ಮರೀಬೇಡಿ. ಲಾಗರ್‌ಗೆ ಒಂದು, ಹ್ಯಾಂಡ್ಲರ್‌ಗೆ ಒಂದು. ಎರಡನ್ನೂ ದಾಟಿದ್ದು ಮಾತ್ರ ಹೊರಗೆ ಬರುತ್ತೆ.

ಬೇಸಿಕ್‌ಕಾನ್ಫಿಗ್ ಎರಡನೇ ಸಲ ಕರೆದ್ರೆ ಸುಮ್ಮನೆ ಕೂರುತ್ತೆ. ಮೂಲ ಲಾಗರ್‌ಗೆ ಆಗಲೇ ಹ್ಯಾಂಡ್ಲರ್ ಇದ್ರೆ ಅದು ಏನೂ ಮಾಡಲ್ಲ. ಬಲವಂತವಾಗಿ ಮಾಡಿಸೋಕೆ 3.8 ಆವೃತ್ತಿಯಿಂದ ಫೋರ್ಸ್ ಅನ್ನೋ ಆಯ್ಕೆ ಇದೆ. ಪ್ರತಿ ಸಾಲೂ ಎರಡೆರಡು ಸಲ ಬರ್ತಿದ್ರೆ, ನಿಮ್ಮ ಲಾಗರ್‌ಗೂ ಮೂಲ ಲಾಗರ್‌ಗೂ ಎರಡಕ್ಕೂ ಹ್ಯಾಂಡ್ಲರ್ ಹಾಕಿದೀರ ಅಂತ ಅರ್ಥ.

ಲಾಗ್‌ಗೆ ಹೋಗಬಾರದ್ದು

ಪಾಸ್‌ವರ್ಡ್, ಒಟಿಪಿ, ಆಧಾರ್ ಸಂಖ್ಯೆ, ಪೂರ್ತಿ ಖಾತೆ ಸಂಖ್ಯೆ ಯಾವ ಲೆವೆಲ್‌ನಲ್ಲೂ ಬೇಡ, ಡೀಬಗ್‌ನಲ್ಲೂ ಬೇಡ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಾಯಿಸಿ ಅಂತ ಹೇಳಬೇಕಾಯ್ತು. ಕಾರಣ, ಒಳಗಿನ ಒಂದು ಲಾಗ್‌ನಲ್ಲಿ ಪಾಸ್‌ವರ್ಡ್‌ಗಳು ಮುಚ್ಚದೆ ಹಾಗೇ ಬರೆದುಹೋಗಿದ್ವು. ಖಾತೆ ಗುರುತಿಸಬೇಕಾದ್ರೆ ಕೊನೇ ನಾಲ್ಕು ಅಂಕಿ ಸಾಕು.

ಇನ್ನು 2021ರ ಡಿಸೆಂಬರಲ್ಲಿ ಜಾವಾದವರ ನಿದ್ದೆ ಕೆಡಿಸಿದ ಲಾಗ್4ಶೆಲ್ ನೆನಪಿರಬೇಕು. ಹೊರಗಿನವರು ಕಳಿಸಿದ ಪಠ್ಯ ಲಾಗ್‌ಗೆ ಹೋದ್ರೆ, ಲಾಗ್4ಜೆ ಅದರೊಳಗಿನ ವಿಶೇಷ ಬರಹವನ್ನ ಸೂಚನೆ ಅಂತ ತಿಳಿದು ಪಾಲಿಸ್ತಿತ್ತು. ಹಾಗಾಗಿ ಲಾಗಿಂಗ್ ಲೈಬ್ರರಿಯನ್ನೂ ಅಪ್‌ಡೇಟ್ ಮಾಡ್ತಾ ಇರಬೇಕು.

ಭಾರತದಲ್ಲಿ ಕೆಲಸ ಮಾಡೋರಿಗೆ ಇನ್ನೊಂದು ವಿಷಯ: 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ಸಿಸ್ಟಮ್‌ಗಳ ಲಾಗನ್ನ 180 ದಿನ ಇಟ್ಕೋಬೇಕು. ಹಾಗಾಗಿ ಹಳೇ ಫೈಲ್ ಎಷ್ಟು ಇಡಬೇಕು ಅನ್ನೋ ಸಂಖ್ಯೆಯನ್ನ ನೀವೊಬ್ಬರೇ ತೀರ್ಮಾನ ಮಾಡಬೇಡಿ, ನಿಮ್ಮ ಸೆಕ್ಯುರಿಟಿ ಟೀಮನ್ನ ಕೇಳಿ.

ಆಮೇಲೆ ಏನಾಯ್ತು

ಆ ಪ್ರೋಗ್ರಾಮಿನ ಲೆವೆಲ್‌ಗಳನ್ನ ಸರಿ ಮಾಡೋಕೆ ನನಗೆ ನಾಲ್ಕು ದಿನ ಹಿಡೀತು. ಹತ್ತು ನಿಮಿಷದ ಕೆಲಸ ಅಂದ್ಕೊಂಡಿದ್ದು ನಾಲ್ಕು ದಿನ! ಅದರಲ್ಲಿ ಟೈಪ್ ಮಾಡಿದ್ದು ಕಡಿಮೆ, ಗುತ್ತಿಗೆದಾರರ ಆಫೀಸಿನವರನ್ನೂ ಸೂಪರ್‌ವೈಸರನ್ನೂ ‘ಇದಾದ್ರೆ ನಿಮಗೆ ಯಾವಾಗ ಗೊತ್ತಾಗಬೇಕು’ ಅಂತ ಕೇಳಿದ್ದೇ ಜಾಸ್ತಿ. ದಿನಕ್ಕೆ ನಾನೂರು ಇದ್ದ ಮೇಲ್ ತಿಂಗಳಿಗೆ ಒಂದೋ ಎರಡೋ ಆಯ್ತು. ಟೀಮಿನವರು ತಮ್ಮ ಮೇಲ್ ರೂಲ್‌ಗಳನ್ನ ತೆಗೆದ್ರು.

ಅದೇ ವರ್ಷ ಅಕ್ಟೋಬರ್ 7ರ ರಾತ್ರಿ ಹನ್ನೊಂದಕ್ಕೆ ಒಂದು ಮೇಲ್ ಬಂತು. ತಿರಸ್ಕೃತ 2. ಫೈಲ್ ತೆಗೆದು ನೋಡಿದೆ, ಇಬ್ಬರ ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿತ್ತು. ಬೆಳಿಗ್ಗೆ ಎಂಟಕ್ಕೆ ನಾನೇ ಸೂಪರ್‌ವೈಸರಿಗೆ ಫೋನ್ ಮಾಡಿ, ಇಂಥ ಇಬ್ಬರ ಪಾಸ್‌ಬುಕ್ಕಿನ ಫೋಟೋ ಕಳಿಸಿ ಅಂದೆ. ಅವರಿಗೆ ಆಶ್ಚರ್ಯ: “ಅವ್ರೇ ಇನ್ನಾ ನೋಡಿಲ್ರಿ, ನಿಮಗ್ ಹ್ಯಾಂಗ್ ಗೊತ್ತಾತ್ರಿ?” ಅಂದ್ರು. ಸಂಜೆಯೊಳಗೆ ಇಬ್ಬರಿಗೂ ಪಗಾರ ಹೋಯ್ತು.

ಈ ವಾರ ನಿಮ್ಮ ಪ್ರಾಜೆಕ್ಟಿನ ಲಾಗ್ ಫೈಲ್ ತೆಗೆದು, ಅದರಲ್ಲಿ ಎರರ್ ಅಂತಿರೋ ಹತ್ತು ಸಾಲು ಓದಿ. ಪ್ರತಿಯೊಂದಕ್ಕೂ ‘ಇದನ್ನ ನೋಡಿ ಯಾರು, ಏನು ಮಾಡಬೇಕು’ ಅಂತ ಪಕ್ಕದಲ್ಲಿ ಬರೀರಿ. ಉತ್ತರ ಸಿಗದ ಸಾಲು ಎಷ್ಟಿವೆ ಅಂತ ಎಣಿಸಿ, ಅಲ್ಲಿಂದ ತಿದ್ದೋಕೆ ಶುರು ಮಾಡಿ. ಮುಂದಿನ ಮಾತಿನಲ್ಲಿ ಹತ್ತಾರು ಸರ್ವರ್‌ಗಳ ಲಾಗನ್ನ ಒಂದೇ ಕಡೆ ತಂದು ಹುಡುಕೋದು ಹೇಗೆ ಅಂತ ನೋಡೋಣ. ಅಲ್ಲಿವರೆಗೆ ನಮಸ್ಕಾರ.